ಅವರು ಬರೆಯುವಾಗ ಅಡುಗೆ ಯಾರು ಮಾಡುತ್ತಿದ್ದರು?

(ಶಿವಮೊಗ್ಗದ ಓದುಗರ ಬಳಗವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಮ್ಮ ಇಂಗ್ಲಿಷ್ ಎಂಎ ಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋಗಿ ಬಂದೆನಲ್ಲ, ಅದನ್ನು ಹೇಳಿ ಅಂತ ನೀವು ಕೇಳಿದಿರಿ. ಹನ್ನೊಂದು ದಿನದ ಪ್ರವಾಸ. ಏಪ್ರಿಲ್ ತಿಂಗಳು. ಲಂಡನ್ನಿನಲ್ಲಿ ಇಳಿದು, ಉತ್ತರಕ್ಕೆ ಸಾಗುತ್ತಾ ಹೋಗಿ, ಮ್ಯಾಂಚೆಸ್ಟರ್‌ನಲ್ಲಿ ವಿಮಾನ ಹತ್ತಿ ವಾಪಸ್ ಬಂದೆವು. ನೋಡಿದ್ದೆಲ್ಲ ನಾವು ಪಾಠದಲ್ಲಿ ಓದುವ ಕವಿಗಳು, ಕಾದಂಬರಿಕಾರರು ಬದುಕಿದ ಮನೆಗಳು, ನಡೆದ ದಾರಿಗಳು.

ಶುರು ಮಾಡುವ ಮೊದಲು ಒಂದು ವಿಷಯ ಹೇಳಿಬಿಡಬೇಕು. ಆ ತರಗತಿಯಲ್ಲಿ ನಲವತ್ತು ಜನ ಇದ್ದರು. ಹೊರಟವರು ಹದಿನಾಲ್ಕು ಜನ. ಉಳಿದ ಇಪ್ಪತ್ತಾರು ಮಕ್ಕಳಿಗೆ ದುಡ್ಡು ಹೊಂದಲಿಲ್ಲ, ಇಲ್ಲವೇ ಮನೆ ಬಿಟ್ಟು ಬರುವ ಹಾಗಿರಲಿಲ್ಲ. ಹೊರಟವರಲ್ಲೂ ಎಲ್ಲರೂ ಅನುಕೂಲಸ್ಥರಲ್ಲ. ಒಬ್ಬನ ಮನೆಯಲ್ಲಿ ಆ ವರ್ಷದ ಅಡಿಕೆ ದುಡ್ಡೆಲ್ಲ ಇದಕ್ಕೇ ಹೋಯಿತು. ಒಬ್ಬಳ ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದರು. ಆದರೂ ಹೊರಟವರಿಗಿಂತ ಉಳಿದವರ ಮುಖವೇ ನನ್ನ ಕಣ್ಣ ಮುಂದೆ ಬರುತ್ತಿತ್ತು. ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಹೊರಡಲು ಎರಡು ವಾರ ಇರುವಾಗ ಆ ಇಪ್ಪತ್ತಾರು ಮಕ್ಕಳಿಗೆ ಒಂದೊಂದು ಚೀಟಿ ಕೊಟ್ಟೆ. ‘ನೀವು ಬಂದಿದ್ದರೆ ಅಲ್ಲಿ ಏನು ತಿಳಿದುಕೊಳ್ಳಬೇಕು ಅಂತ ಇತ್ತೋ ಅದನ್ನು ಬರೆಯಿರಿ. ಹೋಗುವವರು ಅದಕ್ಕೆ ಉತ್ತರ ತರಬೇಕು’ ಅಂದೆ. ಹೊರಟ ಒಬ್ಬೊಬ್ಬರ ಪಾಲಿಗೆ ಒಂದೋ ಎರಡೋ ಚೀಟಿ ಬಂತು.

ಒಳ್ಳೊಳ್ಳೆ ಪ್ರಶ್ನೆ ಇದ್ದವು. ‘ಡ್ಯಾಫೊಡಿಲ್ ಹೂವಿಗೆ ವಾಸನೆ ಇದೆಯಾ? ನಮ್ಮ ಯಾವ ಹೂವಿನ ಹಾಗಿದೆ?’ ‘ಇಂಗ್ಲಿಷಿನ ಮೂರ್ (moor) ಅಂದರೆ ನಿಜವಾಗಿ ಏನು?’ ‘ಶೇಕ್ಸ್‌ಪಿಯರ್ ನಾಟಕ ನೋಡುವಾಗ ಜನ ಏನಾದರೂ ತಿನ್ನುತ್ತಿದ್ದರಾ?’ ‘ನೈಟಿಂಗೇಲ್ ಕೂಗು ಕೇಳಿಸಿಕೊಂಡು ಬನ್ನಿ.’

ಒಬ್ಬ ಹುಡುಗಿ ಒಂದೇ ಸಾಲು ಬರೆದಿದ್ದಳು. ‘ಇವರೆಲ್ಲ ಬರೆಯುವಾಗ ಅಡುಗೆ ಯಾರು ಮಾಡುತ್ತಿದ್ದರು?’

ಆ ಹುಡುಗಿ ಬೆಳಿಗ್ಗೆ ಐದಕ್ಕೆ ಎದ್ದು, ಮನೆಮಂದಿಗೆಲ್ಲ ರೊಟ್ಟಿ ಮಾಡಿಟ್ಟು, ಬಸ್ಸಿನಲ್ಲಿ ಒಂದೂವರೆ ಗಂಟೆ ಬಂದು ಪಾಠ ಕೇಳುವವಳು. ಸುಮ್ನೆ ಕೇಳಿದ ಪ್ರಶ್ನೆ ಅಲ್ಲ ಅದು. ನಾನು ಇಷ್ಟು ವರ್ಷ ಪಾಠ ಮಾಡಿದ್ದೇನೆ. ಕವಿಯ ಹುಟ್ಟು, ಸಾವು, ಕೃತಿಗಳು, ಪ್ರಭಾವಗಳು ಎಲ್ಲ ಹೇಳಿದ್ದೇನೆ. ಆದರೆ ಈ ಪ್ರಶ್ನೆ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಆ ಚೀಟಿಯನ್ನು ನಾನೇ ಇಟ್ಟುಕೊಂಡೆ. ಆಮೇಲೆ ಹನ್ನೊಂದು ದಿನವೂ ಅದೇ ನಮ್ಮನ್ನು ನಡೆಸಿತು. ಇವತ್ತು ನಾನು ಹೇಳುವುದೂ ಜಾಸ್ತಿ ಅದರ ಬಗ್ಗೆಯೇ.

ಲಂಡನ್ ಬೇಗ ಮುಗಿಸುತ್ತೇನೆ. ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ ಗ್ಲೋಬ್ ನಾಟಕಶಾಲೆ ಇದೆ. ಮೊದಲ ಗ್ಲೋಬ್ ಕಟ್ಟಿದ್ದು 1599ರಲ್ಲಿ. 1613ರ ಜೂನ್‌ನಲ್ಲಿ ನಾಟಕದ ಮಧ್ಯೆ ಹಾರಿಸಿದ ಫಿರಂಗಿಯ ಕಿಡಿ ಹುಲ್ಲಿನ ಮಾಡಿಗೆ ಬಿದ್ದು ಸುಟ್ಟುಹೋಯಿತು. ಈಗಿರುವುದು 1997ರಲ್ಲಿ ತೆರೆದದ್ದು. ಅದರ ಮಾಡೂ ಹುಲ್ಲಿನದೇ. 1666ರ ದೊಡ್ಡ ಬೆಂಕಿಯ ನಂತರ ಲಂಡನ್ನಿನಲ್ಲಿ ಹುಲ್ಲಿನ ಮಾಡಿಗೆ ಅನುಮತಿ ಸಿಕ್ಕಿದ್ದು ಇದೊಂದಕ್ಕೇ. ನಮ್ಮ ಹುಡುಗನೊಬ್ಬ ತಲೆ ಎತ್ತಿ ನೋಡಿ, ‘ಮೇಡಂ, ನಮ್ಮಜ್ಜನ ಮನೆಗೆ ಪ್ರತಿ ವರ್ಷ ಹುಲ್ಲು ಹೊದಿಸ್ತಿದ್ದರು, ಇಷ್ಟು ದಪ್ಪ ಇರ್ತಿರಲಿಲ್ಲ’ ಅಂದ. ತಿಂಡಿಯ ಚೀಟಿಗೂ ಅಲ್ಲೇ ಉತ್ತರ ಸಿಕ್ಕಿತು. ಆ ಕಾಲದ ನಾಟಕಶಾಲೆಗಳಿದ್ದ ಜಾಗ ಅಗೆದಾಗ ಹೇಝಲ್ ಕಾಯಿಯ ಸಿಪ್ಪೆ, ಸಿಂಪಿಯ ಚಿಪ್ಪು ಸಿಕ್ಕಿವೆ. ಒಂದು ಪೆನ್ನಿ ಕೊಟ್ಟು ಅಂಗಳದಲ್ಲಿ ನಿಂತು ನೋಡುವ ಜನ ತಿನ್ನುತ್ತಲೇ ನಾಟಕ ನೋಡುತ್ತಿದ್ದರು. ನಮ್ಮ ಯಕ್ಷಗಾನದ ಬಯಲಿನಲ್ಲಿ ಕಡಲೆಕಾಯಿ ತಿನ್ನುವುದಿಲ್ಲವೇ?

ಅಲ್ಲಿಂದ ಸ್ವಲ್ಪ ದೂರ ನಡೆದರೆ ಒಂದು ಓಣಿ. ಓಣಿಯ ಪಕ್ಕದಲ್ಲಿ ಹಳೆಯ ಇಟ್ಟಿಗೆ ಗೋಡೆ. ಮಾರ್ಷಲ್‌ಸೀ ಅನ್ನುವ ಸಾಲಗಾರರ ಜೈಲಿನಲ್ಲಿ ಉಳಿದಿರುವುದು ಆ ಗೋಡೆಯೊಂದೇ. 1824ರಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ನ ಅಪ್ಪನನ್ನು ಅದರೊಳಗೆ ಹಾಕಿದರು. ನಲವತ್ತು ಪೌಂಡ್ ಹತ್ತು ಶಿಲ್ಲಿಂಗ್ ಸಾಲ. ಕೊಡಬೇಕಾಗಿದ್ದದ್ದು ಒಬ್ಬ ಬ್ರೆಡ್ ಮಾಡುವವನಿಗೆ. ಹನ್ನೆರಡು ವರ್ಷದ ಹುಡುಗ ಶೂ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದ. ವಾರಕ್ಕೆ ಆರು ಶಿಲ್ಲಿಂಗ್. ದೊಡ್ಡವನಾಗಿ ಅಷ್ಟು ಹೆಸರು ಮಾಡಿದ ಮೇಲೂ ಇದನ್ನು ಅವನು ಲೋಕಕ್ಕೆ ಹೇಳಲಿಲ್ಲ. ಆಪ್ತ ಗೆಳೆಯನಿಗೆ ಮಾತ್ರ ಹೇಳಿದ್ದ. ಡಿಕನ್ಸ್ ತೀರಿಕೊಂಡ ಮೇಲೆ ಜನಕ್ಕೆ ಗೊತ್ತಾಯಿತು. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದಿದ್ದಾರೆ ಅಂತ ಹೇಳಿದೆನಲ್ಲ, ಆ ಹುಡುಗಿ ಗೋಡೆಗೆ ಕೈ ಇಟ್ಟು ತುಂಬ ಹೊತ್ತು ನಿಂತಿದ್ದಳು. ಯಾರೂ ಅವಳನ್ನು ಮಾತಾಡಿಸಲಿಲ್ಲ. ನಾನೂ ಮಾತಾಡಿಸಲಿಲ್ಲ.

ವೆಸ್ಟ್‌ಮಿನ್‌ಸ್ಟರ್ ಅಬೆ ಅನ್ನುವ ಹಳೆಯ ದೊಡ್ಡ ಚರ್ಚಿನ ಕವಿಗಳ ಮೂಲೆಯನ್ನೂ ನೋಡಿದೆವು. ಅಲ್ಲಿ ಮೊದಲು ಮಣ್ಣಾದ ಕವಿ ಚಾಸರ್, 1400ರಲ್ಲಿ. ಅವನನ್ನು ಅಲ್ಲಿ ಹೂಳಿದ್ದು ಕವಿ ಅಂತಲ್ಲ. ಅರಮನೆಯ ನೌಕರಿಯಲ್ಲಿದ್ದ, ಅಬೆಯ ಆವರಣದ ಮನೆಯಲ್ಲೇ ಬಾಡಿಗೆಗೆ ಇದ್ದ, ಅದಕ್ಕೆ. ಕಾದಂಬರಿ ಬರೆದ ಬ್ರಾಂಟಿ ಅಕ್ಕತಂಗಿಯರ ನೆನಪಿನ ಕಲ್ಲು ಕೂಡ ಅಲ್ಲಿದೆ. ಅವರ ಹೆಸರಿನ ಕೊನೆಯ ಅಕ್ಷರದ ಮೇಲೆ ಎರಡು ಚುಕ್ಕಿ ಇರಬೇಕು. ಆ ಚುಕ್ಕಿಗಳಿಲ್ಲದೆ ಎಂಬತ್ತು ವರ್ಷದ ಮೇಲೆ ಕಲ್ಲು ಹಾಗೇ ಇತ್ತು. 2024ರಲ್ಲಿ ಕೆತ್ತಿಸಿದರು. ನಮ್ಮ ಮಕ್ಕಳು ಹುಡುಕಿ ನೋಡಿದ್ದು ಅವನ್ನೇ.

ಹ್ಯಾಂಪ್‌ಸ್ಟೆಡ್‌ನಲ್ಲಿ ಕವಿ ಕೀಟ್ಸ್ ಇದ್ದ ಮನೆ. 1819ರ ವಸಂತದಲ್ಲಿ ಅಂಗಳದ ಪ್ಲಮ್ ಮರದ ಕೆಳಗೆ ಕೂತು ಅವನು ನೈಟಿಂಗೇಲ್ ಕವಿತೆ ಬರೆದ. ಈಗ ಅಲ್ಲಿ ಇರುವುದು ಆಮೇಲೆ ನೆಟ್ಟ ಮರ. ನೈಟಿಂಗೇಲ್ ಇಲ್ಲ. ಇಡೀ ಇಂಗ್ಲೆಂಡಿನಲ್ಲಿ ಕಳೆದ ಐವತ್ತು ವರ್ಷದಲ್ಲಿ ಆ ಹಕ್ಕಿ ನೂರಕ್ಕೆ ತೊಂಬತ್ತು ಭಾಗ ಕಡಿಮೆಯಾಗಿದೆ. ಪೊದೆಕಾಡು ಹೋದವು, ಹಕ್ಕಿಯೂ ಹೋಯಿತು. ಕೂಗು ಕೇಳಿಸಿಕೊಂಡು ಬನ್ನಿ ಅಂದ ಹುಡುಗನಿಗೆ ಈ ಉತ್ತರ ಒಯ್ಯುವುದು ಕಷ್ಟವಾಯಿತು.

ಅಡುಗೆಯ ಪ್ರಶ್ನೆಗೆ ಮೊದಲ ನೇರ ಉತ್ತರ ಸಿಕ್ಕಿದ್ದು ಚಾಟನ್ ಅನ್ನುವ ಹಳ್ಳಿಯಲ್ಲಿ. ಲಂಡನ್ನಿನಿಂದ ನೈಋತ್ಯಕ್ಕೆ, ಹ್ಯಾಂಪ್‌ಶೈರ್‌ನಲ್ಲಿದೆ. ಜೇನ್ ಆಸ್ಟಿನ್ 1809ರಿಂದ 1817ರವರೆಗೆ ಇದ್ದ ಕೆಂಪು ಇಟ್ಟಿಗೆ ಮನೆ. ಅವಳ ಸ್ವಂತದ್ದಲ್ಲ, ಅಣ್ಣ ಇರಲು ಕೊಟ್ಟದ್ದು. ಅಪ್ಪ ತೀರಿಹೋದ ಮೇಲೆ ಅಮ್ಮ, ಅಕ್ಕ, ಒಬ್ಬ ಗೆಳತಿ ಮತ್ತು ಇವಳು, ನಾಲ್ಕು ಹೆಂಗಸರು ಅಲ್ಲಿ ಬಂದು ಸೇರಿದರು.

ಊಟದ ಕೋಣೆಯ ಕಿಟಕಿ ಪಕ್ಕದಲ್ಲಿ ಅವಳು ಬರೆಯುತ್ತಿದ್ದ ಮೇಜು ಇದೆ. ಹನ್ನೆರಡು ಮೂಲೆಯ ಪುಟ್ಟ ಮೇಜು. ನಮ್ಮ ಮನೆಗಳಲ್ಲಿ ಗಿಂಡಿ, ಹೂದಾನಿ ಇಡುತ್ತೇವಲ್ಲ, ಅಂಥದ್ದು. ಒಂದು ಹಾಳೆ, ಒಂದು ಶಾಯಿ ಕುಡಿಕೆ ಇಟ್ಟರೆ ಮುಗಿಯಿತು. ನಮ್ಮ ಮಕ್ಕಳು ಅದರ ಮುಂದೆ ಬಂದು ‘ಇದೇನಾ?’ ಅಂತ ಕೇಳಿದರು. ‘ಇದೇ’ ಅಂದೆ.

ಆಮೇಲೆ ಚೀಟಿ ತೆಗೆದೆ. ಆ ಮನೆಯಲ್ಲಿ ಕೆಲಸದವರು ಇದ್ದರು. ಆದರೆ ಮನೆ ನಡೆಸುವ ಭಾರ, ಅಡುಗೆಗೆ ಏನು, ಎಷ್ಟು, ಯಾವಾಗ ಅನ್ನುವ ಲೆಕ್ಕ ಎಲ್ಲ ಅಕ್ಕ ಕಸಾಂಡ್ರಾಳದು. ಜೇನ್ ಪಾಲಿಗೆ ಬೆಳಗಿನ ತಿಂಡಿ ಮಾತ್ರ. ಒಂಬತ್ತು ಗಂಟೆಗೆ ಟೀ ಮಾಡಬೇಕು. ಬೀರುವಿನಲ್ಲಿರುವ ಟೀ ಪುಡಿ, ಸಕ್ಕರೆಯ ಲೆಕ್ಕ ನೋಡಿಕೊಳ್ಳಬೇಕು. ಅಷ್ಟು ಮುಗಿದರೆ ಉಳಿದ ಹೊತ್ತು ಅವಳದು. ಹಾಗೆ ಬಿಟ್ಟುಕೊಟ್ಟವಳು ಅಕ್ಕ. ಅಲ್ಲಿಗೆ ಬರುವ ಮೊದಲು ಬಾತ್ ಪಟ್ಟಣದಲ್ಲಿ, ಸೌತಾಂಪ್ಟನ್‌ನಲ್ಲಿ ಮನೆಯಿಂದ ಮನೆಗೆ ಅಲೆದಾಡಿದ ವರ್ಷಗಳಲ್ಲಿ ಜೇನ್ ಬರೆದದ್ದು ಬಹಳ ಕಡಿಮೆ. ಇಲ್ಲಿ ಎಂಟು ವರ್ಷದಲ್ಲಿ ಆರೂ ಕಾದಂಬರಿಗಳು ಒಂದೋ ಹುಟ್ಟಿದವು, ಇಲ್ಲವೇ ಅಚ್ಚಿಗೆ ಸಿದ್ಧವಾದವು. ನಾನು ಇದನ್ನು ಪಾಠದಲ್ಲಿ ‘ಚಾಟನ್ ಕಾಲಘಟ್ಟ’ ಅಂತ ಹೇಳುತ್ತಿದ್ದೆ. ಇನ್ನು ಮುಂದೆ ಕಸಾಂಡ್ರಾಳ ಹೆಸರು ಹೇಳದೆ ಅದನ್ನು ಹೇಳುವುದು ನನ್ನಿಂದ ಆಗುವುದಿಲ್ಲ.

ವಿಂಚೆಸ್ಟರ್ ದೊಡ್ಡ ಚರ್ಚಿನಲ್ಲಿ ಜೇನ್ ಸಮಾಧಿ ಇದೆ. ಮೇಲಿನ ಕಲ್ಲಿನಲ್ಲಿ ಅವಳ ಗುಣ ಇದೆ, ಭಕ್ತಿ ಇದೆ, ಕಾಯಿಲೆಯನ್ನು ತಾಳಿಕೊಂಡದ್ದಿದೆ. ಕಾದಂಬರಿ ಬರೆದಳು ಅನ್ನುವ ಮಾತು ಇಲ್ಲ. ಅದನ್ನು ಹೇಳುವ ಹಿತ್ತಾಳೆ ಫಲಕ ಬಂದದ್ದು 1872ರಲ್ಲಿ. ಐವತ್ತೈದು ವರ್ಷ ಆದ ಮೇಲೆ.

ಶೇಕ್ಸ್‌ಪಿಯರ್ ಊರಾದ ಸ್ಟ್ರಾಟ್‌ಫರ್ಡ್‌ಗೆ ಬರ್ಮಿಂಗ್‌ಹ್ಯಾಮ್‌ನಿಂದ ರೈಲಿನಲ್ಲಿ ಹೋದೆವು. ಮುಕ್ಕಾಲು ಗಂಟೆಯ ಮೇಲೆ ಸ್ವಲ್ಪ. ರೈಲಿನಲ್ಲಿ ಮಕ್ಕಳಿಗೆ ಹೇಳಿದೆ: ನಮ್ಮ ತೀರ್ಥಹಳ್ಳಿ ಸೀಮೆಯ ಅನಂತಮೂರ್ತಿಯವರು ಪಿಎಚ್‌ಡಿಗೆ ಅಂತ ಬಂದು ಇದೇ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದರು, ‘ಸಂಸ್ಕಾರ’ ಬರೆದದ್ದು ಇಲ್ಲಿಯೇ. ತುಂಗಾ ತೀರದ ಅಗ್ರಹಾರವನ್ನು ಈ ಚಳಿಯಲ್ಲಿ ಕೂತು ಬರೆದರು. ಅಲ್ಲಿಂದ ಮುಂದೆ ಒಬ್ಬರೂ ಮೊಬೈಲ್ ನೋಡಲಿಲ್ಲ. ಕಿಟಕಿಯ ಆಚೆ ಮಂಜು ನೋಡುತ್ತಾ ಕೂತರು.

ಹೆನ್ಲಿ ಬೀದಿಯ ಆ ಮನೆಗೆ ಶೇಕ್ಸ್‌ಪಿಯರ್ ಹುಟ್ಟಿದ ಮನೆ ಅಂತ ಹೆಸರು. 1847ರಲ್ಲಿ ಹರಾಜಿಗೆ ಬಂದಾಗ ಮೂರು ಸಾವಿರ ಪೌಂಡ್ ಕೂಡಿಸಿ ಜನರಿಗಾಗಿ ಉಳಿಸಿದರು. ಅಪ್ಪ ಜಾನ್ ಚರ್ಮದ ಕೈಗವಸು ಮಾಡುವವನು. ಮನೆಯ ಒಂದು ಭಾಗವೇ ಕಾರ್ಖಾನೆ. ಹಸಿ ಚರ್ಮ, ಅದನ್ನು ಹದ ಮಾಡುವ ನಾತ. ಬೀದಿಯಲ್ಲಿ ತಿಪ್ಪೆ ಹಾಕಿದ್ದಕ್ಕೆ ಅವನಿಗೆ 1552ರಲ್ಲಿ ದಂಡ ಬಿದ್ದ ದಾಖಲೆ ಇದೆ. ಅವನ ಹೆಸರು ಊರಿನ ದಾಖಲೆಯಲ್ಲಿ ಮೊದಲು ಕಾಣುವುದೇ ಹಾಗೆ. ಚರ್ಮದ ಕೆಲಸದ ಮನೆಯಿಂದ ಬಂದ ಹುಡುಗನೊಬ್ಬ ನಮ್ಮ ಗುಂಪಿನಲ್ಲಿದ್ದ. ಅಂಗಡಿ ಭಾಗದ ಆ ಉಪಕರಣಗಳನ್ನು ನಮಗೆಲ್ಲ ವಿವರಿಸಿದ್ದು ಅವನೇ. ಯಾವುದು ಕೂದಲು ಹೆರೆಯುವುದು, ಯಾವುದು ಹಿಗ್ಗಿಸುವುದು ಅಂತ. ಅಷ್ಟು ದಿನ ಯಾರ ಜೊತೆಗೂ ಹೆಚ್ಚು ಮಾತಾಡದಿದ್ದವನು ಆ ಹೊತ್ತು ಬಾಯ್ತುಂಬ ಮಾತಾಡಿದ.

ಹಿತ್ತಲಿನ ತೋಟದಲ್ಲಿ ಟಾಗೋರರ ಪ್ರತಿಮೆ ಇದೆ. ಅದರ ಪಕ್ಕ ಕೂತು ಬುತ್ತಿ ಬಿಚ್ಚಿದೆವು.

ಇಲ್ಲಿ ಅಡುಗೆ ಯಾರದು? ಶೇಕ್ಸ್‌ಪಿಯರ್ ಲಂಡನ್ನಿನಲ್ಲಿದ್ದ, ಹೆಂಡತಿ ಆ್ಯನ್ ಮೂರು ಮಕ್ಕಳ ಜೊತೆ ಇಲ್ಲಿದ್ದಳು. ದುಡ್ಡು ಬಂದ ಮೇಲೆ ಅವನು ಊರಿನ ದೊಡ್ಡ ಮನೆಗಳಲ್ಲಿ ಒಂದನ್ನು ಕೊಂಡ. ಅದು ಈಗಿಲ್ಲ, 1759ರಲ್ಲಿ ಕೆಡವಿದರು. ಆ ಜಾಗ ಅಗೆದಾಗ ಒಲೆ, ಅಡುಗೆ, ಬಿಯರ್ ಮಾಡುವ ಕೆಲಸದ ಗುರುತು ಸಿಕ್ಕಿವೆ. 1598ರಲ್ಲಿ ಬರ ಬಂದು, ಯಾರ ಮನೆಯಲ್ಲಿ ಎಷ್ಟು ಕಾಳಿದೆ ಅಂತ ಲೆಕ್ಕ ತೆಗೆದರು. ಆ ಲೆಕ್ಕದಲ್ಲಿ ಶೇಕ್ಸ್‌ಪಿಯರ್ ಮನೆಯಲ್ಲಿ ಹತ್ತು ಕ್ವಾರ್ಟರ್, ಅಂದರೆ ಎಂಬತ್ತು ಬುಶೆಲ್ ಮಾಲ್ಟ್, ಬಿಯರ್‌ಗೆ ಅಂತ ಮೊಳಕೆ ಬರಿಸಿ ಒಣಗಿಸಿದ ಕಾಳು, ಇತ್ತು ಅಂತ ಬರೆದಿದೆ. ಮನೆಯಲ್ಲಿ ಯಜಮಾನ ಇಲ್ಲದಾಗ ಅಷ್ಟು ಮಾಲ್ಟ್ ನೋಡಿಕೊಂಡವರು ಯಾರು, ಅಲ್ವಾ? ಆ್ಯನ್ ಅಂದರೆ ಉಯಿಲಿನಲ್ಲಿ ‘ಎರಡನೇ ಒಳ್ಳೆಯ ಮಂಚ’ ಸಿಕ್ಕಿದ ಹೆಂಡತಿ ಅಂತಷ್ಟೇ ಗೊತ್ತಿತ್ತು ನಮಗೆ. ಅವಳು ಒಂದು ದೊಡ್ಡ ಮನೆಯ ಕಾರುಬಾರು ನಡೆಸಿದವಳು ಅನ್ನುವುದನ್ನು ಮಕ್ಕಳು ಆ ಖಾಲಿ ಜಾಗದಲ್ಲಿ ನಿಂತು ತಾವೇ ಲೆಕ್ಕ ಹಾಕಿದರು.

ಈಗ ಹಾವರ್ತ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಯಾರ್ಕ್‌ಶೈರ್‌ನಲ್ಲಿ, ಏರುದಾರಿಯ ತುದಿಯಲ್ಲಿರುವ ಊರು. ಕಲ್ಲು ಹಾಸಿದ ಕಡಿದಾದ ಬೀದಿ ಹತ್ತಿದರೆ ಚರ್ಚು, ಅದರ ಹಿಂದೆ ಸ್ಮಶಾನ, ಸ್ಮಶಾನದ ಅಂಚಿನಲ್ಲೇ ಪಾದ್ರಿಯ ಮನೆ. ಪ್ಯಾಟ್ರಿಕ್ ಬ್ರಾಂಟಿ 1820ರಲ್ಲಿ ಆರು ಮಕ್ಕಳ ಜೊತೆ ಇಲ್ಲಿಗೆ ಬಂದ. ಮರುವರ್ಷವೇ ಹೆಂಡತಿ ತೀರಿಕೊಂಡಳು. 1825ರಲ್ಲಿ ದೊಡ್ಡ ಹೆಣ್ಣುಮಕ್ಕಳಿಬ್ಬರು ಹೋದರು. ಉಳಿದವರು ಶಾರ್ಲಟ್, ಬ್ರಾನ್‌ವೆಲ್, ಎಮಿಲಿ, ಆ್ಯನ್. ಅಪ್ಪ ಮಗನಿಗೆ ಮರದ ಸಿಪಾಯಿ ಬೊಂಬೆಗಳನ್ನು ತಂದುಕೊಟ್ಟ. ಮಕ್ಕಳು ಆ ಸಿಪಾಯಿಗಳಿಗೆ ಒಂದು ರಾಜ್ಯ ಕಟ್ಟಿದರು. ಅವು ಓದಲಿ ಅಂತ ಬೆಂಕಿಪೊಟ್ಟಣದಷ್ಟು ಸಣ್ಣ ಪುಸ್ತಕ ಬರೆದರು. ಗಾಜಿನೊಳಗೆ ಅವು ಇವೆ. ದಾರದಲ್ಲಿ ಹೊಲಿದಿದ್ದಾರೆ. ಅಕ್ಷರ ಇರುವೆ ಸಾಲಿನ ಹಾಗಿದೆ.

ಆ ಊರು ಆಗ ಹೇಗಿತ್ತು ಅಂತ ಕೇಳಿ. 1850ರಲ್ಲಿ ಸರ್ಕಾರದ ಇನ್ಸ್‌ಪೆಕ್ಟರ್ ಒಬ್ಬರು ಬಂದು ವರದಿ ಬರೆದರು. ಹಾವರ್ತ್‌ನಲ್ಲಿ ಸಾಯುವವರ ಸರಾಸರಿ ವಯಸ್ಸು ಇಪ್ಪತ್ತಾರು ತುಂಬಿರಲಿಲ್ಲ. ನೂರಕ್ಕೆ ನಲವತ್ತೊಂದು ಮಕ್ಕಳು ಆರು ವರ್ಷದೊಳಗೆ ಸಾಯುತ್ತಿದ್ದರು. ಚರಂಡಿ ಇಲ್ಲ, ಶೌಚಾಲಯ ಕಡಿಮೆ, ಕುಡಿಯುವ ನೀರು ಹೊಲಸು. ಒಳ್ಳೆಯ ನೀರು ಬೇಕು ಅಂತ ಮೇಲಿನವರಿಗೆ ಬರೆದು ಬರೆದು ಆ ವರದಿ ಬರುವ ಹಾಗೆ ಮಾಡಿದವರಲ್ಲಿ ಪಾದ್ರಿ ಪ್ಯಾಟ್ರಿಕ್ ಮುಂದಾಳು. ಅವನು ತನ್ನ ಆರೂ ಮಕ್ಕಳನ್ನು ಕಳೆದುಕೊಂಡ ಮೇಲೂ ಬದುಕಿದ್ದು, ಎಂಬತ್ತನಾಲ್ಕನೇ ವಯಸ್ಸಿನಲ್ಲಿ ಸತ್ತ. ನಮ್ಮ ಮಕ್ಕಳು ಸ್ಮಶಾನದ ಕಲ್ಲುಗಳ ಮೇಲಿನ ವಯಸ್ಸು ಓದುತ್ತಾ ಹೋದರು. ಎರಡು ವರ್ಷ, ಹನ್ನೊಂದು ತಿಂಗಳು, ಐದು ವರ್ಷ. ಸ್ವಲ್ಪ ಹೊತ್ತಾದ ಮೇಲೆ ಓದುವುದನ್ನು ನಿಲ್ಲಿಸಿದರು.

ಮನೆಯೊಳಗೆ ಊಟದ ಮೇಜು ಇದೆ. ಅಕ್ಕತಂಗಿಯರು ಮೂವರೂ ರಾತ್ರಿ ಒಂಬತ್ತರ ಮೇಲೆ ಆ ಮೇಜಿನ ಸುತ್ತ ನಡೆಯುತ್ತಾ, ಬರೆದದ್ದನ್ನು ಓದಿ ಹೇಳುತ್ತಾ, ಜಗಳ ಆಡುತ್ತಾ ಕಾದಂಬರಿ ಕಟ್ಟಿದರು. 1846ರಲ್ಲಿ ಗಂಡಸರ ಹೆಸರಿಟ್ಟುಕೊಂಡು ಕೈಯಿಂದ ದುಡ್ಡು ಹಾಕಿ ಕವಿತೆಯ ಪುಸ್ತಕ ತಂದರು. ಒಂದು ವರ್ಷದಲ್ಲಿ ಎರಡು ಪ್ರತಿ ಹೋಯಿತು. 1847ರಲ್ಲಿ ಮೂವರ ಕಾದಂಬರಿಗಳೂ ಬಂದವು. 1848ರ ಡಿಸೆಂಬರ್‌ನಲ್ಲಿ ಎಮಿಲಿ, ಮರುವರ್ಷ ಮೇ ತಿಂಗಳಲ್ಲಿ ಆ್ಯನ್ ಹೋಗಿಬಿಟ್ಟರು. ಆಮೇಲೆ ಶಾರ್ಲಟ್ ಒಬ್ಬಳೇ ರಾತ್ರಿ ಆ ಮೇಜಿನ ಸುತ್ತ ನಡೆಯುತ್ತಿದ್ದಳಂತೆ. ಕೇಳಿಸಿಕೊಂಡ ಕೆಲಸದ ಹೆಂಗಸು ಹೇಳಿದ್ದು ಅದು.

ನಾನು ಮಕ್ಕಳನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ. ಅಲ್ಲಿದ್ದವಳು ಟ್ಯಾಬಿ. ಪೂರ್ತಿ ಹೆಸರು ಟ್ಯಾಬಿತಾ ಏಕ್ರಾಯ್ಡ್. ಅದೇ ಊರಿನ ವಯಸ್ಸಾದ ಹೆಂಗಸು, ಆಡುವುದು ಅಚ್ಚ ಯಾರ್ಕ್‌ಶೈರ್ ಮಾತು. ತಾಯಿ ಇಲ್ಲದ ಆ ಮಕ್ಕಳಿಗೆ ಊಟ, ಬೈಗುಳ, ಊರಿನ ದೆವ್ವದ ಕತೆಗಳು, ಮೂರೂ ಅವಳಿಂದಲೇ. 1836ರ ಡಿಸೆಂಬರ್‌ನಲ್ಲಿ ಹಿಮದ ಮೇಲೆ ಜಾರಿ ಅವಳ ಕಾಲು ಮುರಿಯಿತು. ಮನೆಯ ಜವಾಬ್ದಾರಿ ಹೊತ್ತಿದ್ದ ದೊಡ್ಡಮ್ಮ, ಇವಳನ್ನು ಇವಳ ಒಡಹುಟ್ಟಿದವಳ ಮನೆಗೆ ಕಳಿಸಿಬಿಡೋಣ ಅಂದಳು. ಹುಡುಗಿಯರು ಒಪ್ಪಲಿಲ್ಲ. ಊಟ ಬಿಟ್ಟು ಕೂತರು. ಅಷ್ಟು ವರ್ಷ ನಮ್ಮನ್ನು ನೋಡಿಕೊಂಡವಳನ್ನು ಈಗ ನಾವು ನೋಡಿಕೊಳ್ಳುತ್ತೇವೆ, ಅವಳ ಕೆಲಸವನ್ನೂ ನಾವೇ ಮಾಡುತ್ತೇವೆ ಅಂತ ಹಟ ಹಿಡಿದರು. ಕೊನೆಗೆ ಟ್ಯಾಬಿ ಉಳಿದಳು. ಅಂದಿನಿಂದ ಎಮಿಲಿ ಬ್ರೆಡ್ ಮಾಡಲು ನಿಂತಳು. ಹಿಟ್ಟು ನಾದುತ್ತಾ ಎದುರಿಗೆ ಜರ್ಮನ್ ಪುಸ್ತಕ ತೆರೆದಿಟ್ಟುಕೊಂಡು ಓದುತ್ತಿದ್ದಳು.

ಅದಕ್ಕಿಂತ ಎರಡು ವರ್ಷ ಮೊದಲು, 1834ರ ನವೆಂಬರ್‌ನಲ್ಲಿ, ಎಮಿಲಿ ಮತ್ತು ಆ್ಯನ್ ಸೇರಿ ಒಂದು ಹಾಳೆ ಬರೆದಿದ್ದಾರೆ. ಎಮಿಲಿಗೆ ಹದಿನಾರು, ಆ್ಯನ್‌ಗೆ ಹದಿನಾಲ್ಕು. ಅದು ಈ ಹೊತ್ತು ಮನೆಯಲ್ಲಿ ಏನಾಗುತ್ತಿದೆ ಅನ್ನುವ ದಿನಚರಿ. ಕಾಗುಣಿತ ಎಲ್ಲ ತಪ್ಪು. ಅಡುಗೆಮನೆ ಗಲೀಜಾಗಿದೆ, ಹಾಸಿಗೆ ಸರಿ ಮಾಡಿಲ್ಲ, ಸಂಗೀತದ ಅಭ್ಯಾಸ ಆಗಿಲ್ಲ, ಹಿಂದಿನ ಕೋಣೆಯಲ್ಲಿ ಒಬ್ಬಳು ಬಟ್ಟೆ ಒಗೆಯುತ್ತಿದ್ದಾಳೆ. ಅವೇ ಸಾಲುಗಳ ನಡುವೆ, ತಾವು ಕಟ್ಟಿಕೊಂಡ ಕಲ್ಪನೆಯ ದೇಶದ ಜನ ಇನ್ನೊಂದು ದ್ವೀಪದ ಒಳನಾಡನ್ನು ಈಗಷ್ಟೇ ಕಂಡುಹಿಡಿಯುತ್ತಿದ್ದಾರೆ. ಅಷ್ಟರಲ್ಲಿ ಟ್ಯಾಬಿ ಬಂದು ಬೈಯುತ್ತಾಳೆ: ಆಲೂಗಡ್ಡೆ ಸುಲಿಯುವುದು ಬಿಟ್ಟು ಅಲ್ಲೇನು ಗೀಚುತ್ತಾ ಕೂತಿದೀಯಾ! ಎಮಿಲಿ ಆ ಬೈಗುಳವನ್ನು ಟ್ಯಾಬಿಯ ಮಾತಿನಲ್ಲೇ ಬರೆದುಕೊಂಡಿದ್ದಾಳೆ. ಮುಂದೆ ಅವಳ ಕಾದಂಬರಿಯಲ್ಲಿ ಆಳುಮಗನೊಬ್ಬ ಅಂಥದ್ದೇ ಮಾತಿನಲ್ಲಿ ಗೊಣಗುತ್ತಾನೆ. ಆ ಭಾಷೆಯನ್ನು ಅವಳು ಇದೇ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಾ ಕಲಿತಿದ್ದು.

ಟ್ಯಾಬಿ ಎಂಬತ್ತು ದಾಟಿ, 1855ರ ಫೆಬ್ರವರಿಯಲ್ಲಿ ತೀರಿಕೊಂಡಳು. ಮಾರ್ಚ್ 31ಕ್ಕೆ ಶಾರ್ಲಟ್ ಹೋದಳು. ಟ್ಯಾಬಿಯ ಸಮಾಧಿ ಆ ಮನೆಯ ಕಾಂಪೌಂಡಿನ ಆಚೆಗೇ ಇದೆ. ಅಲ್ಲಿಗೆ ಬಂದ ಜನರೆಲ್ಲ ಚರ್ಚಿನ ಒಳಗೆ ಹೋಗುತ್ತಿದ್ದರು. ನಮ್ಮ ಹದಿನಾಲ್ಕು ಜನ ಆ ಕಲ್ಲಿನ ಹತ್ತಿರ ನಿಂತಿದ್ದರು.

ಮಧ್ಯಾಹ್ನ ಮೂರ್ ಅನ್ನುವ ಬೆಟ್ಟದ ಬಯಲಿಗೆ ಹೋದೆವು. ಊರಿನಿಂದ ಮೇಲಕ್ಕೆ ಐದು ಕಿಲೋಮೀಟರ್ ಆಗಬಹುದು. ದಾರಿ ತೋರುವ ಫಲಕಗಳಲ್ಲಿ ಜಪಾನಿ ಭಾಷೆಯೂ ಇದೆ, ಅಷ್ಟು ಜನ ಜಪಾನಿನಿಂದ ಬರುತ್ತಾರೆ. ಕೊನೆಗೆ ಸಿಗುವುದು ಮಾಡು ಹಾರಿಹೋದ ಒಂದು ಪಾಳು ಮನೆ. ಎಮಿಲಿಯ ಕಾದಂಬರಿಯ ಮನೆ ಇದೇ ಅಂತ ಜನ ಹೇಳುತ್ತಾರೆ. ಈ ಕಟ್ಟಡಕ್ಕೂ ಅವಳು ಬಣ್ಣಿಸಿದ ಮನೆಗೂ ಹೋಲಿಕೆ ಇಲ್ಲ ಅಂತ ಗೋಡೆಯಲ್ಲೇ ಫಲಕ ಹಾಕಿದ್ದಾರೆ. ಆದರೂ ಜನ ಬರುತ್ತಾರೆ, ನಾವೂ ಹೋದೆವು. ಅಲ್ಲಿಯ ಗಾಳಿಯನ್ನು ಹೇಗೆ ಹೇಳಲಿ! ಮಾತು ಬಾಯಿಂದ ಹೊರಬಂದ ಕೂಡಲೇ ಹಾರಿಹೋಗುತ್ತದೆ. ಹೆದರ್ ಗಿಡ ಹೂ ಬಿಡುವುದು ಆಗಸ್ಟ್‌ನಲ್ಲಿ. ನಾವು ಹೋದಾಗ ಬೆಟ್ಟವೆಲ್ಲ ಕಂದು. ಮರ ಇಲ್ಲ. ಕಾಲಡಿಯಲ್ಲಿ ನೀರು ಜಿನುಗುತ್ತಿತ್ತು. ಎಲ್ಲೋ ಕರ್ಲ್ಯೂ ಹಕ್ಕಿ ಕೂಗುತ್ತಿತ್ತು.

‘ಮೂರ್’ ಅಂದರೆ ಬಂಜರು ಭೂಮಿ ಅಂತ ನಾನು ಇಷ್ಟು ವರ್ಷ ಹೇಳಿಕೊಟ್ಟಿದ್ದೆ. ಸಾಗರದ ಕಡೆಯ ಹುಡುಗ ಸುತ್ತ ನೋಡಿ, ‘ಮೇಡಂ, ಇದು ಬ್ಯಾಣ. ನಮ್ಮೂರ ಬ್ಯಾಣ ಬೇಸಿಗೆಯಲ್ಲಿ ಹೀಗೇ ಇರ್ತದೆ. ಬಂಜರಲ್ಲ, ದನ ಮೇಯ್ತವೆ’ ಅಂದ. ದೂರದಲ್ಲಿ ಕುರಿಗಳು ಮೇಯುತ್ತಿದ್ದವು. ಅವನು ಚೀಟಿಯ ಹಿಂದೆ ‘ಬ್ಯಾಣ’ ಅಂತ ಬರೆದುಕೊಂಡ. ಇದಕ್ಕಿಂತ ಒಳ್ಳೆಯ ಅರ್ಥ ನನಗೆ ಯಾವ ನಿಘಂಟಿನಲ್ಲೂ ಸಿಕ್ಕಿಲ್ಲ.

ಕೊನೆಯ ಊರು ಗ್ರಾಸ್ಮಿಯರ್. ಸರೋವರಗಳ ಸೀಮೆ. ವರ್ಡ್ಸ್‌ವರ್ತ್ 1799ರ ಕೊನೆಯಲ್ಲಿ ತಂಗಿ ಡೊರೊಥಿ ಜೊತೆ ಇಲ್ಲಿಯ ಡವ್ ಕಾಟೇಜ್‌ಗೆ ಬಂದ. ಹಿಂದೆ ಅದು ದಾರಿಹೋಕರ ಹೆಂಡದಂಗಡಿ. ಕೆಳಗಿನ ಕೋಣೆಗಳು ಕತ್ತಲು, ನೆಲಕ್ಕೆ ಕಲ್ಲಿನ ಚಪ್ಪಡಿ. ಸಾಮಾನು ಇಡುವ ಸಣ್ಣ ಕೋಣೆಯ ನೆಲದಡಿ ತೊರೆ ಹರಿಯುತ್ತದೆ. ಹಾಲು, ಬೆಣ್ಣೆ ತಂಪಾಗಿರಲಿ ಅಂತ. ಮೇಲೆ ಒಂದು ಕೋಣೆಗೆ ಚಳಿ ತಡೆಯಲು ಡೊರೊಥಿ ಗೋಡೆ ತುಂಬ ಹಳೆಯ ಪೇಪರ್ ಅಂಟಿಸಿದ್ದಳು.

ಅಲ್ಲಿ ಅಡುಗೆ ಡೊರೊಥಿಯದು. ಬ್ರೆಡ್ಡು, ಕಡುಬು, ಇಸ್ತ್ರಿ, ಅವರೆ ಬಟಾಣಿ ಬಳ್ಳಿ, ಅಣ್ಣನ ಕವಿತೆಗಳ ನಕಲು, ಎಲ್ಲ ಅವಳ ದಿನಚರಿಯಲ್ಲಿ ಒಂದೇ ಉಸಿರಿನಲ್ಲಿ ಬರುತ್ತದೆ. ಎದುರು ಮನೆಯ ಮೊಲ್ಲಿ ಫಿಶರ್ ಅನ್ನುವ ಅರವತ್ತರ ಹೆಂಗಸು ದಿನಕ್ಕೆ ಎರಡು ಮೂರು ಗಂಟೆ ಬಂದು ಒಲೆ ಹಚ್ಚಿ, ಪಾತ್ರೆ ತೊಳೆದು ಹೋಗುತ್ತಿದ್ದಳು. ವಾರಕ್ಕೆ ಎರಡು ಶಿಲ್ಲಿಂಗ್.

1802ರ ಏಪ್ರಿಲ್ 15ರಂದು ಅಣ್ಣ ತಂಗಿ ಇಬ್ಬರೂ ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ನಡೆದು ಬರುತ್ತಿದ್ದರು. ಜೋರು ಗಾಳಿ. ಡ್ಯಾಫೊಡಿಲ್ ಕಂಡವು. ಡೊರೊಥಿ ದಿನಚರಿಯಲ್ಲಿ ಬರೆದಳು: ಕೆಲವು ಹೂವು ದಣಿದು ಕಲ್ಲಿನ ಮೇಲೆ ದಿಂಬಿಗೆ ತಲೆ ಇಟ್ಟ ಹಾಗೆ ಮಲಗಿದ್ದವು, ಉಳಿದವು ಗಾಳಿಯ ಜೊತೆ ನಗುತ್ತಾ ಕುಣಿಯುತ್ತಿದ್ದವು ಅಂತ. ಎರಡು ವರ್ಷದ ಮೇಲೆ ಅಣ್ಣ ಕವಿತೆ ಬರೆದ. ಕವಿತೆಯಲ್ಲಿ ಅವನು ಒಬ್ಬನೇ ನಡೆಯುತ್ತಾನೆ. ಅದರ ಅತ್ಯುತ್ತಮ ಎರಡು ಸಾಲು, ಆ ಒಳಗಣ್ಣಿನ ಸಾಲುಗಳು, ಹೆಂಡತಿ ಮೇರಿಯವು ಅಂತ ಅವನೇ ಹೇಳಿದ್ದಾನೆ. ವರ್ಡ್ಸ್‌ವರ್ತ್ ದೊಡ್ಡ ಕವಿ. ನನಗೆ ಅವನ ಮೇಲಿನ ಪ್ರೀತಿ ಒಂದು ಚೂರೂ ಕಡಿಮೆಯಾಗಿಲ್ಲ. ಆದರೆ ಆ ಕವಿತೆಯನ್ನು ಇನ್ನು ಡೊರೊಥಿಯ ಆ ಪುಟ ಓದದೆ ನಾನು ಪಾಠ ಮಾಡುವುದಿಲ್ಲ.

ಇನ್ನೂ ಒಂದು ಮಾತಿದೆ. ಅವರಿಗೆ ಜಾನ್ ಅಂತ ಒಬ್ಬ ಸೋದರ. ಈಸ್ಟ್ ಇಂಡಿಯಾ ಕಂಪನಿಯ ಹಡಗಿನ ಕ್ಯಾಪ್ಟನ್. ಅಣ್ಣ ನಿಶ್ಚಿಂತೆಯಿಂದ ಬರೆಯಲಿ, ನಾನು ದುಡಿದು ತರುತ್ತೇನೆ ಅನ್ನುವುದು ಅವನ ಆಸೆ. 1805ರ ಫೆಬ್ರವರಿಯಲ್ಲಿ ಬಂಗಾಳ ಮತ್ತು ಚೀನಾಕ್ಕೆ ಹೊರಟ ಅವನ ಹಡಗು ಇಂಗ್ಲೆಂಡಿನ ದಂಡೆಯ ಹತ್ತಿರವೇ ಮುಳುಗಿತು. ಅವನೂ ಸೇರಿ ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಅಷ್ಟು ಶಾಂತವಾದ ಆ ಕಣಿವೆಯ ಮನೆಯ ಒಲೆಗೂ ನಮ್ಮ ದೇಶದ ವ್ಯಾಪಾರಕ್ಕೂ ಹೀಗೊಂದು ನಂಟು ಇತ್ತು. ಮಕ್ಕಳು ಇದನ್ನು ಕೇಳಿ ತುಂಬ ಹೊತ್ತು ಚರ್ಚೆ ಮಾಡಿದರು. ಒಬ್ಬರ ಮಾತು ಒಬ್ಬರು ಒಪ್ಪಲಿಲ್ಲ. ನನಗೆ ಅದೇ ಸಂತೋಷ.

ಮರುದಿನ ಅಲ್ಸ್‌ವಾಟರ್‌ಗೆ ಹೋದೆವು. ಹೂವು ಇದ್ದವು. ಅಂಗಡಿಯಲ್ಲಿ ಸಿಗುವ ದೊಡ್ಡ ಡ್ಯಾಫೊಡಿಲ್ ಅಲ್ಲ, ಕಾಡಿನದು. ಗೇಣುದ್ದ, ಹೊರಗಿನ ಎಸಳು ತಿಳಿ ಹಳದಿ, ಒಳಗಿನ ಬಟ್ಟಲು ಗಾಢ. ಎಲೆ ಬೆಳ್ಳುಳ್ಳಿ ಎಲೆಯ ಹಾಗೆ. ಮಳೆ ಬಂದ ಮಾರನೇ ದಿನ ನಮ್ಮ ಅಂಗಳದಲ್ಲಿ ಏಳುವ ರೈನ್ ಲಿಲ್ಲಿ ಇದೆಯಲ್ಲ, ಅದರ ನೆಂಟ. ಎರಡೂ ಒಂದೇ ಕುಟುಂಬದ ಗಿಡ. ವಾಸನೆಯ ಚೀಟಿ ಹಿಡಿದಿದ್ದ ಹುಡುಗ ಒದ್ದೆ ಹುಲ್ಲಿನ ಮೇಲೆ ಮೊಣಕಾಲೂರಿ, ಕಣ್ಣು ಮುಚ್ಚಿ ಮೂಸಿದ. ‘ಇದೆ ಮೇಡಂ. ತುಂಬ ತೆಳು. ಹತ್ತಿರ ಹೋದರೆ ಮಾತ್ರ’ ಅಂದ. ಅದನ್ನೇ ಬರೆದುಕೊಂಡ.

ಊರಿಗೆ ಬಂದ ಮೇಲೆ ಎರಡು ದಿನ ಚೀಟಿಗಳದೇ ಪಾಠ. ಇಪ್ಪತ್ತಾರು ಜನ ಕೇಳಿದರು, ಹದಿನಾಲ್ಕು ಜನ ಹೇಳಿದರು. ಫೋಟೊ ತೋರಿಸುವುದಕ್ಕಿಂತ ಉತ್ತರ ಕೊಡುವುದೇ ಜಾಸ್ತಿಯಾಯಿತು. ಅಡುಗೆಯ ಚೀಟಿಗೆ ನಾನು ಹೇಳಿದೆ. ಕಸಾಂಡ್ರಾ, ಶೇಕ್ಸ್‌ಪಿಯರ್ ಹೆಂಡತಿ ಆ್ಯನ್, ಟ್ಯಾಬಿ, ಡೊರೊಥಿ, ಮೊಲ್ಲಿ ಫಿಶರ್. ಆ ಹುಡುಗಿ ಒಂದೊಂದು ಹೆಸರನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆಮೇಲೆ ಎಮಿಲಿ, ಆ್ಯನ್ ಬರೆದ ಆ ಹಾಳೆಯನ್ನು ಕನ್ನಡದಲ್ಲಿ ಓದಿ ಹೇಳಿದೆ. ಟ್ಯಾಬಿಯ ಬೈಗುಳ ಬಂದಾಗ ಅವಳು ಜೋರಾಗಿ ನಕ್ಕಳು. ‘ನಮ್ಮಜ್ಜಿ ಹಿಂಗೇ ಬೈತಾಳೆ ಮೇಡಂ’ ಅಂದಳು.

ಮುಂದಿನ ವಾರ ಅವಳು ಒಂದು ಹಾಳೆ ತಂದು ನನ್ನ ಮೇಜಿನ ಮೇಲೆ ಇಟ್ಟು ಹೋದಳು. ಕನ್ನಡದಲ್ಲಿ ಬರೆದಿದ್ದಳು. ಅವಳ ಒಪ್ಪಿಗೆ ಕೇಳಿ ಮೊದಲ ಸಾಲುಗಳನ್ನು ಇಲ್ಲಿ ಓದುತ್ತಿದ್ದೇನೆ:

‘ಈಗ ಸಂಜೆ ಆರೂಕಾಲು. ಅವ್ವ ಮೆಣಸಿನಕಾಯಿ ಹುರಿಯುತ್ತಿದ್ದಾಳೆ, ಮನೆಯವರೆಲ್ಲ ಕೆಮ್ಮುತ್ತಿದ್ದೇವೆ. ತಮ್ಮನ ಯೂನಿಫಾರ್ಮ್ ಇನ್ನೂ ಒಣಗಿಲ್ಲ. ಹಿಟ್ಟು ಕಲಸಿಟ್ಟಿದ್ದೇನೆ. ಅದು ನೆನೆಯುವಷ್ಟು ಹೊತ್ತು ನನ್ನದು.’